ಗುಂಡನ ಹೊಟ್ಟೆ

ನಮ್ಮ ದೊಡ್ಡಮ್ಮ ಹೊಲಿಗೆಯಲ್ಲಿ ನುರಿತವಳು, ಅನುಮಾನದಲ್ಲಿ ಅದಕ್ಕಿಂತ ನುರಿತವಳು. ಗಿರಾಕಿ ತಂದ ಬಟ್ಟೆಯನ್ನು ಅವರೆದುರೇ ಎರಡು ಸಲ ಅಳೆಯುವಳು. ಸ್ನಾನಕ್ಕೆ ಹೋಗುವಾಗಲೂ ಮನೆಯ ಬೀಗದಕೈ ಜೊತೆಗೇ ಹೋಗುತ್ತಿತ್ತು. ಮಹಡಿಯಲ್ಲಿದ್ದ ನಮ್ಮಮ್ಮ, ಅಂದರೆ ಅವಳ ಓರಗಿತ್ತಿ, ಒಂದು ಚಮಚ ಸಕ್ಕರೆ ಕೇಳಿದರೂ ಅದರ ಹಿಂದೆ ಏನೋ ಮಸಲತ್ತು ಕಾಣುತ್ತಿತ್ತು. ಅವಳು ನಂಬಿದ್ದು ಒಂದೇ ಜೀವವನ್ನು, ಮುದಿ ನಾಯಿ ಗುಂಡನನ್ನು.

ಆ ಗುಂಡನ ಹೊಟ್ಟೆ ಉಬ್ಬತೊಡಗಿತು. ದೊಡ್ಡಮ್ಮ ಟೇಪು ಹಿಡಿದಳು. ಅವಳೇ ಹೊಲಿದ ಅಂಗಿ ಅವನ ಹೊಟ್ಟೆಗೆ ಬಿಗಿ, ಬೆನ್ನು ಕುತ್ತಿಗೆಗೆ ಸಡಿಲ. ತಟ್ಟೆಯಲ್ಲಿ ಹಾಕಿದ ಊಟ ಮಾತ್ರ ಹಾಗೇ ಉಳಿಯುತ್ತಿತ್ತು. ಸಾಕ್ಷಿಗೆ ಇನ್ನೇನು ಬೇಕು?

"ಯಾರೋ ಕದ್ದು ತಿನ್ನಿಸ್ತಿದಾರೆ," ಎಂದಳು, ಮಹಡಿಗೆ ಕೇಳುವಂತೆ.

"ನಾನ್ಯಾಕೆ ತಿನ್ನಿಸ್ಲಿ ಅಕ್ಕಾ?" ಎಂದಳು ಅಮ್ಮ ಮೆಟ್ಟಿಲ ಮೇಲಿಂದ.

"ನಿನ್ನ ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ?"

ದೊಡ್ಡಮ್ಮನ ಲೆಕ್ಕದಲ್ಲಿ, ಗುಂಡ ಕೆಮ್ಮಿದರೆ, ನಾವು ಕೊಟ್ಟ ಮೂಳೆ ಗಂಟಲಲ್ಲಿ ಸಿಕ್ಕಿದೆ. ಮಲಗದೆ ಮುಂಗಾಲು ಅಗಲಿಸಿ, ಕತ್ತು ಚಾಚಿ ಕೂತರೆ, ನಮ್ಮ ದಾರಿ ಕಾಯುತ್ತಿದ್ದಾನೆ. ನಾಲ್ಕು ಹೆಜ್ಜೆ ನಡೆದು ನಿಂತರೆ, ತಿಂದ ಸೊಕ್ಕು. ಕೊನೆಗೆ ಅವನನ್ನು ಒಳಗೆ ಕೂಡಿಹಾಕಿ ಬೀಗ ಜಡಿದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಗುಂಡ ಹೊರಗೆ ಬಂದವನೇ ಹೊಸ್ತಿಲ ಬಳಿ ಕುಸಿದ. ಅಮ್ಮನೇ ಓಡಿಹೋಗಿ ಆಟೋ ತಂದಳು. ಪಶುವೈದ್ಯರು ಅವನ ಬಿಳಿಚಿದ ಒಸಡು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಹೊಟ್ಟೆ ಒತ್ತಿದರು.

"ಇದು ತಿಂದು ಬಂದ ಹೊಟ್ಟೆ ಅಲ್ಲಮ್ಮ, ನೀರು ತುಂಬಿದೆ. ಹೃದಯ ಸೋತಿದೆ. ಕೆಮ್ಮು, ಮಲಗೋಕಾಗದೇ ಇರೋದು, ಮೈ ಇಳಿದಿರೋದು, ಎಲ್ಲಾ ಅದರದ್ದೇ. ನಾಯಿ ಆಗಿದ್ದಕ್ಕೆ ಕೆಮ್ಮಿ ಹೇಳ್ತು. ಬೆಕ್ಕಾಗಿದ್ರೆ ಮೂಲೇಲಿ ಅಡಗಿ ಕೂತಿರೋದು. ಮಾತ್ರೆ ಕೊಡ್ತೀನಿ. ನಿದ್ದೆಯಲ್ಲಿ ಉಸಿರು ಜೋರಾದ್ರೆ ತಕ್ಷಣ ಕರ್ಕೊಂಡು ಬನ್ನಿ."

ದೊಡ್ಡಮ್ಮ ಮಾತ್ರೆಯನ್ನೂ ಮೂಸಿ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ನಿಂಗೆ ಗೊತ್ತಾಗಿತ್ತಾ?"

"ಅವನ ಏದುಸಿರು ಮಹಡಿವರೆಗೂ ಕೇಳ್ತಿತ್ತು ಅಕ್ಕಾ. ಹೇಳಿದ್ರೆ ನಾನೇ ಏನೋ ಹಾಕಿದೀನಿ ಅಂತಿದ್ರಿ. ಅದಕ್ಕೇ ಸುಮ್ನಿದ್ದೆ."

ದೊಡ್ಡಮ್ಮ ಗುಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತಳು. ಮನೆ ಮುಟ್ಟಿದ ಮೇಲೆ ಸೊಂಟದಿಂದ ಬೀಗದಕೈ ಬಿಚ್ಚಿ ಅಮ್ಮನ ಕೈಗಿಟ್ಟಳು.

"ನಾನು ಹೊರಗೆ ಹೋದಾಗ ಒಳಗೆ ಬಂದು ಅವನ ಉಸಿರು ನೋಡ್ತಾ ಇರು."