ಕುಸುರೆಳ್ಳಿನ ಮುಳ್ಳು

ಚಳಿ ಬಿತ್ತೆಂದರೆ ಬೇರೆಯವರಿಗೆ ನೆಗಡಿ ಬರುತ್ತದೆ, ನನಗೆ ಜಂಬ ಬರುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ನಾನು ಹುನಗುಂದದ ಕೋರ್ಟಿನ ಒಬ್ಬ ಸಾಧಾರಣ ಗುಮಾಸ್ತ. ಹೆಸರು ಕೂಗಿದರೆ ಎದ್ದು ನಿಲ್ಲುವವನು, ಕೂಗದಿದ್ದರೆ ಕೂತೇ ಇರುವವನು. ಆದರೆ ಹಿಂಗಾರಿ ಜೋಳ ಎದೆಯೆತ್ತರಕ್ಕೆ ಬಂದು, ಬೆಳಗಿನ ಗಾಳಿಗೆ ತುಟಿ ಒಡೆಯತೊಡಗಿತೆಂದರೆ ನನ್ನ ನಡಿಗೆಯೇ ಬದಲಾಗುತ್ತದೆ. ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿರಿ. ನನಗೆ ಕುಸುರೆಳ್ಳು ಮಾಡಲು ಬರುತ್ತದೆ.

ಕುಸುರೆಳ್ಳನ್ನು ಅಂಗಡಿಯಲ್ಲಿ ಕೊಂಡು ತಿಂದವರಿಗೆ ಅದರ ಕಷ್ಟ ತಿಳಿಯದು. ಇದ್ದಿಲ ಸಿಗಡಿಯ ಮೇಲೆ ಹಿತ್ತಾಳೆಯ ಅಗಲ ತಟ್ಟೆಯಾದ ಪರಾತ ಇಟ್ಟು, ಎಳ್ಳು ಹರವಿ, ಸಕ್ಕರೆಯ ತೆಳು ಪಾಕವನ್ನು ಒಂದೊಂದೇ ಚಮಚ ಬಿಡುತ್ತ ಬೆರಳಿನಿಂದ ಆಡಿಸುತ್ತ ಕೂಡಬೇಕು. ಪಾಕ ಆರಬೇಕು, ಮತ್ತೆ ಬಿಡಬೇಕು. ಹೀಗೆ ದಿನಗಟ್ಟಲೆ ಬೆಳಗಿನ ಹೊತ್ತು ತಪಸ್ಸು ಮಾಡಿದರೆ ಎಳ್ಳಿನ ಮೈಮೇಲೆ ಸಕ್ಕರೆಯ ಸಣ್ಣ ಮುಳ್ಳು ಏಳುತ್ತವೆ. ಮುಳ್ಳು ಎದ್ದರೆ ಕುಸುರೆಳ್ಳು, ಏಳದಿದ್ದರೆ ಸಕ್ಕರೆ ಮೆತ್ತಿದ ಎಳ್ಳು, ಅಷ್ಟೆ. ಚಳಿಯಿಲ್ಲದೆ ಮುಳ್ಳು ಏಳುವುದಿಲ್ಲ, ಅವಸರದವರಿಗೂ ಏಳುವುದಿಲ್ಲ. ಬಾದಾಮಿಯ ಗುಹೆಗಳಲ್ಲಿ ಕಂಬಕ್ಕೆ ಕಲ್ಲಿನ ಮುತ್ತಿನ ಸರ ತೊಡಿಸಿದ ಪುಣ್ಯಾತ್ಮರು ಮನೆಯಲ್ಲಿ ಖಂಡಿತ ಕುಸುರೆಳ್ಳು ಮಾಡುತ್ತಿದ್ದರು ಎಂಬುದು ನನ್ನ ಸಂಶೋಧನೆ. ಇದಕ್ಕೆ ಶಾಸನದ ಆಧಾರವಿಲ್ಲ, ನಾನೂ ಬಾದಾಮಿಯವನು ಎಂಬುದೊಂದೇ ಆಧಾರ.

ನನಗೆ ಇದನ್ನು ಕಲಿಸಿದವಳು ಅವ್ವ. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ತನ್ನ ಕೈಯ ವಿದ್ಯೆ ತನ್ನೊಂದಿಗೇ ಹೋಗಬಾರದೆಂದು, ಮನೆಯಲ್ಲಿ ಸಿಕ್ಕ ಒಬ್ಬನೇ ಶಿಷ್ಯನಾದ ನನ್ನನ್ನು ಸಿಗಡಿಯ ಮುಂದೆ ಕೂರಿಸಿದಳು. ಎಪ್ಪತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಹೆಂಡತಿ ನೀಲಾ ಇಲಕಲ್ಲಿನ ಹತ್ತಿರದ ತೋಟದ ಮನೆಯವಳು. ಮೊದಲ ಚಳಿಗಾಲದಲ್ಲಿ ಅವಳೂ ಕುಸುರೆಳ್ಳಿಗೆ ಕೂತಳು. ಒಂದೊಂದೇ ಚಮಚ ಬಿಡುವುದು ಅವಳ ಜಾಯಮಾನದಲ್ಲೇ ಇಲ್ಲ. ಬಟ್ಟಲು ಎತ್ತಿ ಪಾಕವನ್ನೆಲ್ಲ ಒಂದೇ ಸಲ ಸುರಿದಳು. ಎಳ್ಳೆಲ್ಲ ಒಕ್ಕಟ್ಟಾಗಿ ಪರಾತ ಹಿಡಿದು ಕೂತಿತು. "ಸುಡ್ಲಿ, ಇದೇನು ಮನಷಾರ ಮಾಡೋ ಕೆಲಸಾನ?" ಎಂದು ಎದ್ದು, ಸಲಿಕೆ ಹಿಡಿದು ಹಿತ್ತಲಿಗೆ ಹೋದಳು. ನಾನು ಪರಾತ ಕೆರೆದು ತೊಳೆದು ಸಿಗಡಿಯ ಮುಂದೆ ಕೂತೆ. ನಮ್ಮ ಮನೆಯ ಕೆಲಸದ ಹಂಚಿಕೆ ಅಂದೇ ಇತ್ಯರ್ಥವಾಯಿತು. ಮೇಲ್ಮನವಿ ಹೋಗಲಿಲ್ಲ.

ಹಿತ್ತಲಲ್ಲಿ ಅವಳು ಮಾಡಿದ್ದನ್ನು ಹೇಳದಿದ್ದರೆ ನನಗೆ ಊಟ ಸೇರದು. ನಮ್ಮದು ಎರೆಮಣ್ಣು. ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ನೀಲಾ ಹಳ್ಳದ ಉಸುಕು ತರಿಸಿದಳು, ಒಲೆಯ ಬೂದಿ ಬೆರೆಸಿದಳು, ಬಚ್ಚಲ ನೀರಿಗೆ ಕಾಲುವೆ ತೆಗೆದಳು. ಮಾರ್ಗಶಿರ ಬರುವಷ್ಟರಲ್ಲಿ ಮೆಂತ್ಯ, ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಪೇಟೆಯವರು ಕ್ಯಾರೆಟ್ ಎನ್ನುವ ಗಜ್ಜರಿ. ಬಿಸಿ ಸಜ್ಜೆ ರೊಟ್ಟಿಯ ಜೊತೆ ಆಗ ಕಿತ್ತ ಮೆಂತ್ಯದ ತಪ್ಪಲಿಗೆ ಶೇಂಗಾ ಪುಡಿ ಉದುರಿಸಿ ತಿಂದರೆ, ನ್ಯಾಯಾಧೀಶರ ಊಟವೂ ಸಪ್ಪೆ ಎನಿಸುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರಾಗುತ್ತಿದ್ದುದು ಅವಳ ಕೈ, ಮೊಸರಾಗುತ್ತಿದ್ದುದು ನನ್ನ ಬಾಯಿ.

ಊರಿನ ಲೆಕ್ಕಾಚಾರವೇ ಬೇರೆ. ಸಂಜೆ ನಾನು ಬೇಲಿಯ ಬಳಿ ಸುಮ್ಮನೆ ನಿಂತಿದ್ದರೂ ಹಾದುಹೋಗುವವರು, "ಏನ್ ಮೂಲಂಗಿ ಬೆಳದೀರ್ರಿ, ಸಾಹೇಬ್ರ!" ಎನ್ನುತ್ತಿದ್ದರು. ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೋದ ನೀಲಾಳನ್ನು ಪಕ್ಕದ ಮನೆಯ ಗಂಗಕ್ಕ, "ಕೈಯಂದ್ರ ನಿನ್ನ ಕೈ, ನೀಲಾ! ಎಂಥಾ ಮುಳ್ಳ ಎಬ್ಬಿಸೀಯವ್ವಾ!" ಎಂದು ಗಲ್ಲ ಹಿಡಿದು ಹೊಗಳುತ್ತಿದ್ದಳು. ಬೇಲಿಯ ಬಳಿ ನಾನು "ಏನೋ, ನಿಮ್ಮ ಆಶೀರ್ವಾದ" ಎನ್ನುತ್ತಿದ್ದೆ. ಗಂಗಕ್ಕನ ಮುಂದೆ ನೀಲಾ ತಲೆ ತಗ್ಗಿಸಿ ನಗುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಒಬ್ಬರ ಹೊಗಳಿಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಡುತ್ತಿದ್ದೆವು. ಹೀಗೆ ಕೆಲವು ಚಳಿಗಾಲಗಳು ಸುಖವಾಗಿ ಕಳೆದವು.

ಆಮೇಲೊಂದು ವರ್ಷ, ಈ ಸಲ ಸಂಕ್ರಾಂತಿಗೆ ತಾನೇ ಹುನಗುಂದಕ್ಕೆ ಬರುವುದಾಗಿ ಅವ್ವ ಹೇಳಿ ಕಳಿಸಿದಳು. ಅಲ್ಲಿಯವರೆಗೆ ಬೇರೆ ಹಬ್ಬಗಳಿಗೆ ನಾವೇ ಬಾದಾಮಿಗೆ ಹೋಗುತ್ತಿದ್ದೆವು, ಅವಳು ಹುನಗುಂದಕ್ಕೆ ಬಂದಿರಲಿಲ್ಲ. ನೀಲಾಳ ಮುಖ ಬಾಡಿತು. ಸೊಸೆ ಸಲಿಕೆ ಹಿಡಿದು, ಮಗ ಸಿಗಡಿ ಊದುವ ಸಂಸಾರವನ್ನು ಅತ್ತೆ ಕಂಡರೆ ತನಗೆ ಬೆಲೆಯೆಲ್ಲಿ ಉಳಿಯುತ್ತದೆ ಎಂಬುದು ಅವಳ ಚಿಂತೆ. ಅದು ಸುಳ್ಳು ಚಿಂತೆಯೂ ಅಲ್ಲ. ಅವ್ವನ ನಾಲಿಗೆ ಬಾದಾಮಿಯ ಬಿಸಿಲಿನಂಥದು, ನೆರಳು ಹುಡುಕಿಕೊಳ್ಳುವುದು ನಮ್ಮ ಜವಾಬ್ದಾರಿ.

"ಏನ್ರಿ, ಈ ಸಲ ಮುಳ್ಳ ಏಳಲಾರದಂಗ ಮಾಡ್ರಿ," ಎಂದಳು. "ಮುಳ್ಳ ನೋಡಿದ್ರ ಅತ್ತಿಯವರಿಗೆ ನಿಮ್ಮ ಕೈ ಗುರ್ತ ಹತ್ತತೈತಿ. ಕೆಟ್ಟಿದ್ರ ನಾನ ಮಾಡೀನಿ ಅಂತ ಹೇಳಾಕ ಬರತೈತಿ."

ಇಷ್ಟು ನ್ಯಾಯವಾದ ಬೇಡಿಕೆಯನ್ನು ಯಾವ ಗಂಡ ತಳ್ಳಿಹಾಕಿಯಾನು? ಒಪ್ಪಿಕೊಂಡೆ. ಮರುದಿನ ಬೆಳಿಗ್ಗೆ ಸಿಗಡಿಯ ಮುಂದೆ ಕೂತು, ಪಾಕ ಗಟ್ಟಿ ಮಾಡಿ, ಚಮಚದ ತುಂಬ ಎತ್ತಿದೆ. ಸುರಿಯಲು ಕೈ ಬರಲಿಲ್ಲ. ಆ ವರ್ಷದ ಚಳಿಯಾದರೂ ಎಂಥದು! ಉಸಿರು ಬಿಟ್ಟರೆ ಕಾಣುತ್ತಿತ್ತು, ಗಾಳಿ ಅಲುಗುತ್ತಿರಲಿಲ್ಲ. ಅಂಥ ಚಳಿಯನ್ನು ಹಾಳು ಮಾಡಿದರೆ ದೇವರು ಮೆಚ್ಚುತ್ತಾನೆಯೇ? ಪಾಕಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿ, ಎಂದಿನ ಹಾಗೆ ಒಂದೊಂದೇ ಚಮಚ ಬಿಟ್ಟೆ. ನಾಲ್ಕಾರು ದಿನಗಳಲ್ಲಿ ನನ್ನ ಜೀವಮಾನದಲ್ಲೇ ಕಾಣದಂಥ ಮುಳ್ಳು ಎದ್ದವು. ಪರಾತದಲ್ಲಿ ಇಣುಕಿದ ನೀಲಾ ಸಲಿಕೆ ಎತ್ತಿಕೊಂಡಳು. ಹಿತ್ತಲಿಗೆ ಹೋಗಿ ಬಹಳ ಹೊತ್ತು ಅಗೆದಳು. ನನಗೆ ಸಂಕಟವಾಯಿತು. ಹೆಮ್ಮೆಯೂ ಕಡಿಮೆಯಾಗಲಿಲ್ಲ, ಅದೇ ಸಂಕಟ.

ಹಬ್ಬದ ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಎಂದು ಕೊಟ್ಟು ತಗೊಂಡದ್ದಾಯಿತು. ಅವ್ವ ಅಂಗೈ ಮೇಲಿನ ಕುಸುರೆಳ್ಳನ್ನು ಕಣ್ಣ ಹತ್ತಿರ ಹಿಡಿದಳು.

"ಯಾರ್ ಮಾಡ್ಯಾರ ಇವನ್ನ?"

"ಮತ್ಯಾರ್ರಿ, ನಿಮ್ಮ ಸೊಸಿ!" ಎಂದಳು ಗಂಗಕ್ಕ. ನಾನು ಬಾಗಿಲಲ್ಲಿ ನಿಂತಿದ್ದೆ. ನೀಲಾ ತಲೆ ಎತ್ತಿದಳು. "ಇಲ್ರೀ ಅತ್ತಿ, ಅವರ ಮಾಡ್ಯಾರ. ನನಗ ಬರಂಗಿಲ್ಲ" ಎಂದಳು.

ಪಡಸಾಲೆಯಲ್ಲಿ ನಗು ಎದ್ದಿತು. ಅವ್ವ ಮಾತ್ರ ನಗಲಿಲ್ಲ. ನೀಲಾಳನ್ನೇ ನೋಡುತ್ತ, "ಮತ್ತ ನಿನಗೇನ್ ಬರತೈತಿ?" ಎಂದಳು. ನನಗೆ ತಡೆಯಲಾಗಲಿಲ್ಲ. "ಹಿತ್ತಲ ಅಕೀದು, ಅವ್ವಾ. ಅದರಾಗ ನಂದು ಒಂದು ಕಡ್ಡೀನೂ ಇಲ್ಲ" ಎಂದೆ.

ಅವ್ವ ಎದ್ದು ಹಿತ್ತಲಿಗೆ ನಡೆದಳು, ಹೆಂಗಸರೆಲ್ಲ ಹಿಂದೆ. ಬಗ್ಗಿ ಒಂದು ಗಜ್ಜರಿ ಕಿತ್ತಳು. ಎರೆಮಣ್ಣಿನಲ್ಲಿ ಗಜ್ಜರಿ ಸೊಟ್ಟಗಾಗಿ ಕವಲೊಡೆಯುವುದೇ ಹೆಚ್ಚು. ಇದು ನೆಟ್ಟಗೆ, ಉದ್ದಕ್ಕೆ ಬಂತು. ಸೆರಗಿಗೆ ಒರೆಸಿ ಕಚ್ಚಿದಳು. ಅಗಿಯುತ್ತ ಮಡಿಗಳ ಸುತ್ತ ಒಂದು ಸುತ್ತು ಹಾಕಿದಳು, ಬೂದಿ ಬೆರೆತ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಈ ಮಣ್ಣಾಗ ಇಂಥಾದ್ದ ಹೆಂಗ ಬೆಳದೀಯೇ?" ಎಂದು ಕೇಳಿ, ಅಲ್ಲೇ ಬದುವಿನ ಮೇಲೆ ಕೂತಳು. ನೀಲಾ ಎದುರು ಕೂತು ಹೇಳತೊಡಗಿದಳು. ಕತ್ತಲಾದರೂ ಅವರಿಬ್ಬರೂ ಏಳಲಿಲ್ಲ. ಒಳಗೆ ಬಂದ ಹೆಂಗಸರಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದವನು ನಾನೇ.

ಅವ್ವ ಬಾದಾಮಿಗೆ ಹೊರಟ ದಿನ ಚೀಲ ಹೊತ್ತು ನಾನೂ ಬಸ್ ನಿಲ್ದಾಣಕ್ಕೆ ಹೋದೆ. ಚೀಲದ ತುಂಬ ಗಜ್ಜರಿ, ಮೂಲಂಗಿ. ಅದರ ಬಾಯಿಂದ ಮೆಂತ್ಯದ ತಪ್ಪಲು ಹೊರಗಿಣುಕುತ್ತಿತ್ತು. ಅವ್ವ ಬಸ್ಸು ಹತ್ತಿದ ಮೇಲೆ ಜೇಬಿನಿಂದ ಕುಸುರೆಳ್ಳಿನ ಡಬ್ಬಿ ತೆಗೆದು ಕಿಟಕಿಯಲ್ಲಿ ಚಾಚಿದೆ. ಅವ್ವ ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ತಬ್ಬಿಕೊಂಡು ಕೂತಿದ್ದಳು.

"ಅದನ್ನ ನೀನ ಇಟ್ಗೋ," ಎಂದಳು. "ಅದು ನನಗೂ ಮಾಡಾಕ ಬರತೈತಿ."