ಮಾವನವರ ಪ್ರೋಗ್ರಾಮು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆಕೆಯನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿನ ನರ್ಸ್ ಒಬ್ಬಳು ನಿಜಕ್ಕೂ ಆಕೆಯ ಅಕ್ಕನ ಮಗಳು. ಅವಳು ಕರೆಯುವುದನ್ನು ಕೇಳಿ ಕೇಳಿ, ವಯಸ್ಸಿನಲ್ಲಿ ದೊಡ್ಡವರಾದ ಸೂಪರಿಂಟೆಂಡೆಂಟರಿಗೂ ಅದೇ ಬಾಯಿಗೆ ಬಂದಿತ್ತು. ಚಿಕ್ಕಮ್ಮ ಕೂರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಒಂದು ಗೋಡೆಗೆ ಸರ್ವರ್, ಇನ್ನೊಂದಕ್ಕೆ ಆಕೆಯ ಕುರ್ಚಿ, ತಲೆಯ ಮೇಲೆ ಸದಾ ಗೊರಗುಟ್ಟುವ ಎಸಿ. ಯಾರಾದರೂ ಕಂಪ್ಯೂಟರ್ ಕೆಟ್ಟಿತೆಂದು ಓಡಿಬಂದರೆ ಮೊದಲ ಪ್ರಶ್ನೆ, "ಪ್ಲಗ್ ಹಾಕಿದೀಯೇನಪ್ಪಾ?" ಬಹಳ ಸಲ ಹಾಕಿರುತ್ತಿರಲಿಲ್ಲ ಎನ್ನಿ.

ಆ ಕುರ್ಚಿಯಲ್ಲಿ ಮೊದಲು ಕೂತಿದ್ದವರು ಆಕೆಯ ಮಾವ. ಹೊಸದಾಗಿ ಸೇರಿದ ಈ ಹುಡುಗಿಗೆ ಕೆಲಸ ಕಲಿಸಿದರು, ಅವಳ ಚುರುಕು ಕಂಡು ಮಗನಿಗೆ ತಂದುಕೊಂಡರು. ಲ್ಯಾಬಿನ ಯಂತ್ರ ರಕ್ತ ಪರೀಕ್ಷಿಸಿ ಕೊಟ್ಟ ಫಲಿತಾಂಶವನ್ನು ಸರ್ವರಿಗೆ ತಂದು ವಾರ್ಡುಗಳಿಗೆ ಮುಟ್ಟಿಸುವ ಪ್ರೋಗ್ರಾಮು ಅವರು ಬರೆದದ್ದೇ. ನಿವೃತ್ತರಾದ ಮೇಲೂ, ಸಂಜೆ ಸೊಸೆ ಚಪ್ಪಲಿ ಬಿಡುವಷ್ಟರಲ್ಲಿ ಕೇಳುತ್ತಿದ್ದರು, "ನನ್ನ ಕೂಸು ಹೇಗಿದೆಯಮ್ಮ?" ಮೊಮ್ಮಗಳು ಎದುರಿಗೇ ಆಡುತ್ತಿದ್ದರೂ ಕೂಸು ಎಂದರೆ ಅದೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಮಗ ನಗುತ್ತಿದ್ದ. ಆದರೆ ಆ ಹೆಗ್ಗಣವೊಂದನ್ನು ಬಿಟ್ಟರೆ ಮುದುಕರಿಗೆ ನನ್ನದು ಎಂದು ಎದೆಯುಬ್ಬಿಸಲು ಬೇರೇನೂ ಉಳಿದಿರಲಿಲ್ಲ.

ಒಂದು ರಜೆಯ ದಿನ ಚಿಕ್ಕಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಅನ್ನು ಒಂಬತ್ತನೇ ಆವೃತ್ತಿಯಿಂದ ಹತ್ತಕ್ಕೆ ಏರಿಸಿದಳು. ಎಲ್ಲ ಸುಸೂತ್ರ. ಮಾರನೇ ದಿನದಿಂದ ಶುರುವಾಯಿತು ನೋಡಿ ಗ್ರಹಚಾರ. ಬೆಳಿಗ್ಗೆ ಚೆನ್ನಾಗಿಯೇ ಓಡುವ ಸರ್ವರ್, ಲ್ಯಾಬಿನಲ್ಲಿ ಕೆಲಸ ಏರುವ ಮಧ್ಯಾಹ್ನದ ಹೊತ್ತಿಗೆ ದೊಪ್ಪೆಂದು ಬೀಳುತ್ತಿತ್ತು.

ಆಕೆ ಮೆಮೊರಿ ಬದಲಿಸಿದಳು. ಕೇಬಲ್ ಬದಲಿಸಿದಳು. ಫ್ಯಾನ್ ಬಿಚ್ಚಿ ಧೂಳು ಕೊಡವಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸರ್ವರ್ ಬಿದ್ದಾಗಲೆಲ್ಲ ಅದು ತಾನೇ ಬರೆದಿಡುವ ದಾಖಲೆಯ ಕೊನೆಯ ಸಾಲಿನಲ್ಲಿ ಮಾವನವರ ಪ್ರೋಗ್ರಾಮಿನ ಹೆಸರೇ ಇರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೇರೆಯವರದಾಗಿದ್ದರೆ ಮೊದಲ ದಿನವೇ ಕಿವಿ ಹಿಂಡುತ್ತಿದ್ದಳು. ಇದನ್ನು ನೋಡುವಳು, ಪರದೆ ಮುಚ್ಚುವಳು, ಮತ್ತೆ ಸ್ಕ್ರೂಡ್ರೈವರ್ ಹಿಡಿಯುವಳು. ಸೊಸೆಯಾಗಿದ್ದಕ್ಕೇ ಮಾಡಿದ ತಪ್ಪು ಅದು.

ಸೂಪರಿಂಟೆಂಡೆಂಟರ ತಾಳ್ಮೆ ಮುಗಿಯಿತು. "ನೋಡಿ ಚಿಕ್ಕಮ್ಮ, ಈ ವಾರದೊಳಗೆ ಸರಿಹೋಗದಿದ್ರೆ ಹಳೇದೆಲ್ಲ ಕಿತ್ತುಹಾಕಿ ಹೊರಗಿನವರ ಪ್ರೋಗ್ರಾಮ್ ಹಾಕಿಸ್ತೀನಿ" ಎಂದರು. ಅವತ್ತೇ ಮಧ್ಯಾಹ್ನ ಅಕ್ಕನ ಮಗಳು ಕೈಬರಹದ ವರದಿ ಹಿಡಿದು ಮೆಟ್ಟಿಲು ಹತ್ತುತ್ತಾ ಕೋಣೆಯೊಳಕ್ಕೆ ಇಣುಕಿ ಕೂಗಿದಳು: "ಏನ್ ಚಿಕ್ಕಮ್ಮ ಇದು! ಮೇಲೆ ವಾರ್ಡಲ್ಲಿ ಒಂದು ಮಗುವಿಗೆ ಔಷಧಿ ಕೊಡಕ್ಕೆ ಡಾಕ್ಟ್ರು ಇದಕ್ಕೇ ಕಾಯ್ತಾ ಕೂತಿದಾರೆ!"

ಆ ಮಾತು ನಾಟಿತು. ಸಂಜೆ ಮಾವ ಎಂದಿನ ಪ್ರಶ್ನೆ ಕೇಳಿದಾಗ ಆಕೆ ಹೇಳಿಯೇಬಿಟ್ಟಳು, "ಮಾವ, ಸರ್ವರ್ ಬೀಳಿಸ್ತಿರೋದೇ ನಿಮ್ಮ ಕೂಸು."

ಮಾವನ ಮುಖ ಕೆಂಪೇರಿತು. "ಇಷ್ಟು ವರ್ಷ ಬೀಳದೇ ಇದ್ದದ್ದು ಈಗ ಬಿತ್ತಾ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!"

ಮಗ ಫೋನಿನೊಳಗೆ ಮುಖ ಹುದುಗಿಸಿದ. ಮಾವ ಊಟಕ್ಕೂ ಬರಲಿಲ್ಲ. ಹೇಳಬಾರದಿತ್ತು ಎಂದುಕೊಳ್ಳುತ್ತಾ ಆಕೆ ಅವರ ತಟ್ಟೆ ಮುಚ್ಚಿಟ್ಟಳು.

ಬೆಳಿಗ್ಗೆ ನೋಡಿದರೆ ಮಾವ ಇಸ್ತ್ರಿ ಅಂಗಿ ತೊಟ್ಟು ಸ್ಕೂಟರಿನ ಪಕ್ಕ ನಿಂತಿದ್ದರು. "ನಡಿ, ತೋರಿಸು" ಎಂದರು. ಮೆಟ್ಟಿಲ ಕೆಳಗೆ ಬಗ್ಗಿ ಒಳಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು. ಕಣ್ಣು ಮಂಜಾಗಿ ಪರದೆಯ ಅಕ್ಷರ ಕಾಣಲಿಲ್ಲ. ಸೊಸೆ ಒಂದೊಂದೇ ಸಾಲು ಓದಿದಳು, ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಾ ಕೇಳಿದರು.

"ತಡಿ. ಆ ಸಾಲು ಇನ್ನೊಂದ್ಸಲ ಓದು."

ಓದಿದಳು. ಸಿಸ್ಟಮ್ ಯಾವ ಆವೃತ್ತಿಯದೆಂದು ಪ್ರೋಗ್ರಾಮು ವಿಚಾರಿಸಿಕೊಳ್ಳುವ ಸಾಲು ಅದು. ಉತ್ತರದ ಮೊದಲ ಅಂಕಿಯನ್ನಷ್ಟೇ ನೋಡುತ್ತಿತ್ತು. ಹತ್ತರಲ್ಲಿ ಅದಕ್ಕೆ ಕಂಡದ್ದು ಬರೀ ಒಂದು. ಒಂದನೇ ಆವೃತ್ತಿಯ ಕಾಲದಲ್ಲಿ ಪ್ರೋಗ್ರಾಮು ಬಳಸಿ ಬಿಟ್ಟ ಮೆಮೊರಿಯನ್ನು ಸಿಸ್ಟಮೇ ತೆರವು ಮಾಡುತ್ತಿತ್ತಂತೆ. ಅದೇ ನಂಬಿಕೆಯಲ್ಲಿ ಪ್ರೋಗ್ರಾಮು ತಾನು ತೆರವು ಮಾಡದೆ ಬಿಡುತ್ತಿತ್ತು, ಆದರೆ ಆ ಪದ್ಧತಿ ನಿಂತು ಯಾವ ಕಾಲವಾಯಿತೋ! ಬಚ್ಚಲಲ್ಲಿ ಯಾರೂ ತೊಳೆಯದ ಪಾತ್ರೆ ಗುಡ್ಡೆ ಬಿದ್ದಂತೆ ಮೆಮೊರಿ ತುಂಬುತ್ತಾ ಹೋಗಿ ಮಧ್ಯಾಹ್ನಕ್ಕೆ ಉಸಿರು ಕಟ್ಟುತ್ತಿತ್ತು.

"ನೀನು ಹೇಳಿದ್ದೇ ಸರಿ. ತಪ್ಪು ನಂದೇ" ಎಂದರು ಮಾವ.

"ಅಲ್ಲ ಮಾವ, ಯಾಕೆ ಒಂದೇ ಅಂಕಿಗೆ ಜಾಗ ಬಿಟ್ರಿ? ನೀವು ಹಾಗೆಲ್ಲ ಮಾಡೋರಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ನಿಮ್ಮತ್ತೆ ತೀರಿಕೊಂಡ ವರ್ಷ ನಾನು ಬರೆದದ್ದಮ್ಮ ಇದು. ಒಂಬತ್ತು ದಾಟೋವರೆಗೆ ನಾನೆಲ್ಲಿ ಇರ್ತೀನಿ ಅಂದ್ಕೊಂಡೆ. ಇರೋ ಆಸೆನೂ ಇರಲಿಲ್ಲ ಬಿಡು."

ಈ ಮಾತನ್ನು ಅವರು ಮಗನಿಗೂ ಹೇಳಿದ್ದಿಲ್ಲ. ಆಕೆ ಕೀಲಿಮಣೆ ಎಳೆದುಕೊಂಡು ಮೆಲ್ಲಗೆ ಕೇಳಿದಳು, "ಈಗ ಎಷ್ಟು ಅಂಕಿಗೆ ಬಿಡ್ಲಿ?"

"ಎರಡು ಸಾಕು."

ಎರಡಕ್ಕೆ ತಿದ್ದಿದಳು. ಮಧ್ಯಾಹ್ನವಾಯಿತು, ಲ್ಯಾಬಿನ ಗದ್ದಲ ಏರಿತು, ಇಳಿಯಿತು. ಸರ್ವರ್ ಬೀಳಲಿಲ್ಲ. ಅಕ್ಕನ ಮಗಳು ಬಂದು ವರದಿಗಳೆಲ್ಲ ಮೇಲೆ ಬರುತ್ತಿವೆ ಎಂದು ಹೇಳಿಹೋದಳು. ಮಾವ ಗೋಡೆ ಹಿಡಿದು ಎದ್ದರು, ಬಾಗಿಲವರೆಗೂ ಹೋದರು, ಅಲ್ಲೇ ನಿಂತರು.

"ಅಮ್ಮಾ, ಆ ಎರಡು ಅಂಕೀನ ಮೂರು ಮಾಡಿಬಿಡು" ಎಂದರು.