ಎರಡನೇ ಭಾಗ ಹೇಗಿತ್ತು?

ಹೈದರಾಬಾದಿನ ಕೂಕಟ್‌ಪಲ್ಲಿಯ ಟಾಕೀಸಿನಲ್ಲಿ ಮುಂದಿನ ಆಟಕ್ಕೆ ಕಾದಿದ್ದವರು, ಹೊರಬಂದವರನ್ನು ತಡೆದು ಸಿನಿಮಾ ಹೇಗಿದೆಯೆಂದು ಕೇಳುತ್ತಿದ್ದರು. ಅದು ಕುಂಗ್‌ಫೂ ಬಲ್ಲ ಪೊಲೀಸನೊಬ್ಬನ ಕಥೆಯ ಎರಡನೇ ಭಾಗ. ನಮ್ಮ ಸಾಫ್ಟ್‌ವೇರ್ ಕಂಪನಿಯ ಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದ ನಾನು, ನನ್ನನ್ನೂ ಕೇಳಿದಾಗ, ಕ್ಯಾಮೆರಾ, ಸಂಕಲನ ಎಂದು ವಿವರಿಸತೊಡಗಿದೆ. ಅಷ್ಟರಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದವನೊಬ್ಬ ಹೊರಬಂದ. ಕ್ಯೂನಲ್ಲಿದ್ದ ಅವನ ಊರವರು, "ಹೆಂಗೈತಿ ಅಣ್ಣಾ?" ಎಂದರು.

"ಮೊದಲನೇದ್ರಾಗ ಒದ್ರ, ಕುಂತ ನಮಗೂ ನೋವಾಗ್ತಿತ್ತು. ಇದ್ರಾಗ ಒದಿಸ್ಕೊಂಡವಗೂ ನೋವಾಗಂಗಿಲ್ಲ."

ಎಲ್ಲರೂ ನಕ್ಕರು. ನನ್ನತ್ತ ಯಾರೂ ತಿರುಗಲಿಲ್ಲ. ಆ ಮಾತು ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆ ಉರಿಯಿತು. ಸೋಮವಾರ ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ನನ್ನದೆಂದೇ ಬರೆದು, ಕೆಳಗೆ ನನ್ನ ಎರಡು ಪುಟ ಸೇರಿಸಿದೆ.

"ಮೊದಲ ಮಾತು ಭೇಷಾಗಿದೆ," ಎಂದರು ಮೈಸೂರಿನವರಾದ ನಮ್ಮ ಮ್ಯಾನೇಜರು. "ಅಷ್ಟಕ್ಕೇ ನಿಲ್ಲಿಸಬೇಕಿತ್ತು."